ಭಾವನಿಗೆ, ಗಮ್ ಮತ್ತು ಮಾತ್ರೆ ಬಗ್ಗೆ

ಭಾವ, ಸಿಗರೇಟು ಚಟ ಬಿಡಿಸಲು ಕೊಡುವ ನಿಕೋಟಿನ್ ಗಮ್ ತಿಂದು ಗಂಟಲು ಉರಿ, ಬಿಕ್ಕಳಿಕೆ ಬಂತು, ಇನ್ನು ಔಷಧ ಬೇಡ, ಮನಸ್ಸು ಗಟ್ಟಿ ಮಾಡಿಕೊಂಡೇ ಸಿಗರೇಟು ಬಿಡ್ತೀನಿ ಅಂತ ಮೆಸೇಜ್ ಹಾಕಿದ್ದೀರಲ್ಲ, ಅದಕ್ಕೇ ಸ್ವಲ್ಪ ಉದ್ದವಾಗಿ ಹೇಳುತ್ತೇನೆ. ಮೆಡಿಕಲ್ ಶಾಪ್‌ನಲ್ಲಿ ನಾನು ಈ ಮಾತು ಬಹಳ ಜನರಿಂದ ಕೇಳಿದ್ದೇನೆ. ಗಮ್ ಕೊಡುತ್ತಾರೆ, ಅಗಿಯುವುದು ಹೇಗೆ ಅಂತ ಹೇಳುವುದಿಲ್ಲ. ನನಗೆ ಅದೇ ಬೇಜಾರು.

ಅದನ್ನು ಬಬಲ್ ಗಮ್ ಥರ ಅಗಿಯಬಾರದು. ನಿಧಾನಕ್ಕೆ ನಾಲ್ಕಾರು ಸಲ ಅಗಿಯಿರಿ. ನಾಲಿಗೆ ಚುರುಚುರು ಅಂದ ಕೂಡಲೇ ನಿಲ್ಲಿಸಿ, ಕೆನ್ನೆಗೂ ವಸಡಿಗೂ ನಡುವೆ ಒತ್ತಿಟ್ಟುಕೊಳ್ಳಿ. ಚುರುಚುರು ಇಳಿದ ಮೇಲೆ ಮತ್ತೆ ಅಗಿಯಿರಿ. ಒಂದು ಗಮ್ ಅರ್ಧ ಗಂಟೆ ಬರಬೇಕು. ನಿಕೋಟಿನ್ ಬಾಯಿಯಿಂದಲೇ ರಕ್ತಕ್ಕೆ ಸೇರಬೇಕು. ಗಬಗಬ ಅಗಿದು ಎಂಜಲು ನುಂಗಿದರೆ ಹೊಟ್ಟೆಗೆ ಹೋಗಿ ಉರಿ, ಬಿಕ್ಕಳಿಕೆ ಶುರು. ಕಾಫಿ, ಜ್ಯೂಸ್ ಕುಡಿದ ಬಾಯಿಯಂತೂ ನಿಕೋಟಿನ್ ಅನ್ನು ಸರಿಯಾಗಿ ಹೀರಿಕೊಳ್ಳುವುದೇ ಇಲ್ಲ. ಕಾಲು ಗಂಟೆ ಮೊದಲಿನಿಂದ ಗಮ್ ಉಗಿಯುವ ತನಕ ನೀರು ಬಿಟ್ಟು ಬೇರೇನೂ ಬೇಡ.

ಎದ್ದ ಅರ್ಧ ಗಂಟೆಯೊಳಗೆ ಮೊದಲ ಸಿಗರೇಟು ಹಚ್ಚುವವರಿಗೆ 2 ಮಿ.ಗ್ರಾಂ. ಗಮ್ ಸಾಮಾನ್ಯವಾಗಿ ಸಾಲುವುದಿಲ್ಲ. ನೀವು ಹಾಗೇ ಅಲ್ವಾ? 4 ಮಿ.ಗ್ರಾಂ.ಗೆ ಡಾಕ್ಟರ ಚೀಟಿ ಬೇಕು. ಹೋದಾಗ ಪ್ಯಾಚ್ (ಚರ್ಮದ ಮೂಲಕ ನಿಕೋಟಿನ್ ಕೊಡುವ ಪಟ್ಟಿ) ಬಗ್ಗೆಯೂ ಕೇಳಿ. ಮೈಗೆ ಪ್ಯಾಚ್ ಅಂಟಿಸಿ, ಚಟ ಜಾಸ್ತಿ ಎಳೆದಾಗ ಗಮ್ ಹಾಕಿಕೊಂಡರೆ, ಒಂದನ್ನೇ ಬಳಸುವುದಕ್ಕಿಂತ ಚೆನ್ನಾಗಿ ಕೆಲಸ ಮಾಡುತ್ತದೆ.

ಮನಸ್ಸು ಗಟ್ಟಿ ಇರಲೇಬೇಕು, ಒಪ್ಪುತ್ತೇನೆ. ಆದರೆ ಬಿಟ್ಟ ಹೊಸದರಲ್ಲಿ ಬರುವ ಸಿಟ್ಟು, ನಿದ್ದೆಗೇಡು ಮೈ ನಿಕೋಟಿನ್ ಕೇಳುವುದರಿಂದ ಬರುತ್ತದೆ. ಅದನ್ನು ತಗ್ಗಿಸಲು ಔಷಧ ಇರುವಾಗ ಸುಮ್ನೆ ಯಾಕೆ ಒದ್ದಾಡಬೇಕು?

ಅಕ್ಕ, ಸಿಗರೇಟು ಬಿಡಲು ಕೊಡುವ ವರೆನಿಕ್ಲಿನ್ ಮಾತ್ರೆ ತಲೆ ಕೆಡಿಸುತ್ತದಂತೆ ಎಂದು ಕೇಳಿದಳು. ಆ ಭಯ ಮೊದಲು ಇತ್ತು. 8000ಕ್ಕೂ ಹೆಚ್ಚು ಜನರ ಮೇಲೆ ನಡೆದ ದೊಡ್ಡ ಅಧ್ಯಯನದ ಫಲಿತಾಂಶ ನೋಡಿ, 2016ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ, ಮಾತ್ರೆಯ ಮಾಹಿತಿ ಪತ್ರದಲ್ಲಿ ಚೌಕಟ್ಟು ಹಾಕಿ ಕೊಟ್ಟಿದ್ದ ಆ ದೊಡ್ಡ ಎಚ್ಚರಿಕೆ ತೆಗೆಸಿತು. ಮಿದುಳಲ್ಲಿ ನಿಕೋಟಿನ್ ಕೂರುವ ಜಾಗದಲ್ಲೇ ಈ ಮಾತ್ರೆ ಕೂರುತ್ತದೆ. ಚಟ ಇಳಿಯುತ್ತದೆ, ಸೇದಿದರೂ ಮೊದಲಿನ ಮಜಾ ಸಿಗುವುದಿಲ್ಲ. ಬಿಡುವ ದಿನಕ್ಕೆ ಒಂದು ವಾರ ಮೊದಲೇ ಶುರು ಮಾಡಿ, ಒಟ್ಟು 12 ವಾರ ತೆಗೆದುಕೊಳ್ಳಬೇಕು. ವಾಕರಿಕೆ ಬರಬಹುದು, ಊಟ ಆದ ಮೇಲೆ ತೆಗೆದುಕೊಳ್ಳಿ. ಬ್ಯುಪ್ರೊಪಿಯಾನ್ ಅಂತ ಇನ್ನೊಂದಿದೆ, ಫಿಟ್ಸ್ ಇದ್ದವರಿಗೆ ಅದು ಆಗದು. ಎರಡನ್ನೂ ಡಾಕ್ಟರೇ ಬರೆಯಬೇಕು. ಈಗ ನುಂಗುತ್ತಿರುವ ಮಾತ್ರೆಗಳ ಚೀಟಿ ಜೊತೆಗೆ ಒಯ್ಯಿರಿ.

ಅಲ್ಲಿಯವರೆಗೆ ತಂಬಾಕು ಬಿಡಲು ನೆರವಾಗುವ ಸಹಾಯವಾಣಿ 1800-11-2356ಕ್ಕೆ ಫೋನ್ ಮಾಡಿ, ದುಡ್ಡು ಕೊಡಬೇಕಿಲ್ಲ. ನಿಮ್ಮ ಸಿಗರೇಟು ಪ್ಯಾಕಿನ ಮೇಲೇ ಇದೆ. ಬೆಂಗಳೂರಿನ ನಿಮ್ಹಾನ್ಸ್‌ನಿಂದ ಕನ್ನಡದಲ್ಲೇ ಮಾತನಾಡುತ್ತಾರೆ.