ಮಂಗನಬಾವು ಬಂದು ಕೆಳಗೂ ಊದಿತ್ತು, ಈಗ ವೀರ್ಯಾಣುಗಳ ಕೌಂಟ್ ಕಡಿಮೆ. ಮಕ್ಕಳಾಗಲ್ವಾ?

ಶೃಂಗೇರಿ ಬಸ್ಸು (ಮಾರ್ಚ್ 15)

ಮನೆಯಲ್ಲಿ ಕೇಳುವ ವಿಷಯ ಅಲ್ಲ. ಗೆಳೆಯರ ಹತ್ತಿರ ಹೇಳಿದರೆ ಸಂಜೆಯೊಳಗೆ ಊರಿಗೇ ಗೊತ್ತಾಗುತ್ತದೆ. ಅದಕ್ಕೇ ಇಲ್ಲಿ.

ವಯಸ್ಸು 31. ಮದುವೆಯಾಗಿ ಎರಡು ವರ್ಷ. ಮಗು ಬೇಕು ಅಂತ ಪ್ರಯತ್ನ ಶುರು ಮಾಡಿದ್ದು ದೀಪಾವಳಿ ಆದ ಮೇಲೆ. ಸಂಕ್ರಾಂತಿಗೆ ಅಕ್ಕನ ಮನೆಗೆ ಹೋಗಿದ್ದೆ. ಅವಳ ಮಗನ ಕೆನ್ನೆ ಊದಿತ್ತು. ಮಂಗನಬಾವು, ಮಕ್ಕಳಿಗೆ ಬರುವುದೇ ಅಂತ ಅವನನ್ನು ತೊಡೆ ಮೇಲೆ ಕೂರಿಸಿಕೊಂಡು ಎಳ್ಳುಬೆಲ್ಲ ತಿಂದೆ. ಫೆಬ್ರವರಿ 1ಕ್ಕೆ ನನಗೆ ಜ್ವರ, 103 ಡಿಗ್ರಿ. ಎರಡೂ ಕೆನ್ನೆ ಊದಿ ಕನ್ನಡಿ ನೋಡುವ ಹಾಗಿರಲಿಲ್ಲ. ಅಮ್ಮ ಕೆಮ್ಮಣ್ಣು ಹಚ್ಚಿದರು. ಇನ್ನೇನು ಇಳಿಯಿತು ಅನ್ನುವಾಗ, ಆರನೇ ದಿನ ಬಲಗಡೆ ಬೀಜ ಊದಿ ನಿಂಬೆಹಣ್ಣಿನಷ್ಟಾಯಿತು. ಹೆಂಡತಿಗೆ ಸೊಂಟ ಹಿಡಿದಿದೆ ಅಂತ ಸುಳ್ಳು ಹೇಳಿದೆ. ಡಾಕ್ಟ್ರು ಸ್ಕ್ಯಾನ್ ಮಾಡಿಸಿ, ನೋವಿನ ಮಾತ್ರೆ ಕೊಟ್ಟು, ಬಿಗಿ ಒಳಚಡ್ಡಿ ಹಾಕಿಕೊಂಡು ಮಲಗಿರು ಅಂದರು.

ಈಗ ನೋವಿಲ್ಲ. ಆದರೆ ಮಾರ್ಚ್ 12ಕ್ಕೆ ಗುಟ್ಟಾಗಿ ವೀರ್ಯ ಪರೀಕ್ಷೆ ಮಾಡಿಸಿದೆ. ಕೌಂಟ್ ಮಿಲಿಗೆ 70 ಲಕ್ಷ, ಚಲನೆ (ಅಂದರೆ ಅಲ್ಲಾಡುವ ವೀರ್ಯಾಣುಗಳು) 22%. ಸ್ಯಾಂಪಲ್ ಮನೆಯಿಂದಲೇ ತೆಗೆದುಕೊಂಡು ಹೋದೆ, ಸಿಟಿ ಬಸ್ಸಿನಲ್ಲಿ ಒಂದೂವರೆ ಗಂಟೆ. ಇತ್ತ ಅಮ್ಮ ಹೆಂಡತಿಯನ್ನು ಡಾಕ್ಟ್ರ ಹತ್ತಿರ ಕರೆದುಕೊಂಡು ಓಡಾಡುತ್ತಿದ್ದಾರೆ. ಅವಳಿಗೆ ಆಗಲೇ ಎರಡು ಸ್ಕ್ಯಾನ್ ಆಗಿವೆ. ಜಿಮ್‌ನ ಒಬ್ಬ ಟೆಸ್ಟೋಸ್ಟೆರಾನ್ ಇಂಜೆಕ್ಷನ್ ತಗೋ, ಸರಿಹೋಗುತ್ತೆ ಅನ್ನುತ್ತಾನೆ. ತಗೊಳ್ಳಲಾ?

ಲ್ಯಾಬ್ ಅಕ್ಕ

ಬೇಡ ತಮ್ಮಾ, ಬೇಡವೇ ಬೇಡ! ಹೊರಗಿನಿಂದ ಟೆಸ್ಟೋಸ್ಟೆರಾನ್ ಹೋದರೆ ಮೆದುಳು ಬೀಜಕ್ಕೆ ಕೊಡುವ ಆಜ್ಞೆಯನ್ನೇ ನಿಲ್ಲಿಸುತ್ತದೆ. ಇರುವ ಕೌಂಟೂ ಸೊನ್ನೆಗೆ ಬರಬಹುದು. ಹಾಗೆ ತಗೊಂಡು ಬಂದವರ ಸ್ಲೈಡ್ ನೋಡಿದ್ದೇನೆ.

ನಾನು 14 ವರ್ಷದಿಂದ ಇದೇ ಪರೀಕ್ಷೆ ಮಾಡುತ್ತಿದ್ದೇನೆ. ಮೊದಲನೆಯದು, ನೀವು ಪರೀಕ್ಷೆಗೆ ಹೋದದ್ದು ಜ್ವರ ಬಂದ 39ನೇ ದಿನ. ಒಂದು ವೀರ್ಯಾಣು ತಯಾರಾಗಲು ಸುಮಾರು 74 ದಿನ ಬೇಕು. ಆಮೇಲೆ ನಾಳದಲ್ಲಿ ಬಲಿಯಲು ಇನ್ನೂ ಒಂದೆರಡು ವಾರ. ಅಂದರೆ ಅವತ್ತು ಡಬ್ಬಿಯಲ್ಲಿದ್ದವು ಜ್ವರದಲ್ಲಿ ಬೆಂದವೇ. ಬೀಜ ಹೊರಗೆ ತೂಗಾಡುವುದೇ ಮೈಗಿಂತ ಎರಡು ಮೂರು ಡಿಗ್ರಿ ಸೆಲ್ಸಿಯಸ್ ತಂಪಾಗಿರಲಿ ಅಂತ. ಕೋವಿಡ್ ಬಂದು ಹೋದವರಲ್ಲೂ ಹೀಗೇ ಕೌಂಟ್ ಬಿದ್ದಿತ್ತು. ಬಹಳ ಮಂದಿಗೆ ಮೂರು ತಿಂಗಳಿನಲ್ಲಿ ಚೇತರಿಸಿತು.

ಎರಡನೆಯದು ಆ ಒಂದೂವರೆ ಗಂಟೆ ಬಸ್ಸು. ಸ್ಯಾಂಪಲ್ ಒಂದು ಗಂಟೆಯೊಳಗೆ ಮೇಜಿನ ಮೇಲಿರಬೇಕು, ದಾರಿಯಲ್ಲಿ ಮೈ ಬಿಸಿಯಲ್ಲಿರಬೇಕು. ನಿಮ್ಮ 22% ನಾನು ನಂಬಲ್ಲ. ಮುಂದಿನ ಸಲ ಲ್ಯಾಬಿನಲ್ಲೇ ಕೊಡಿ. ಸಂಕೋಚ ಆಗುತ್ತೆ, ಗೊತ್ತು, ಎಲ್ಲರಿಗೂ ಆಗುತ್ತೆ. ನಮಗೆ ಮಾತ್ರ ಅದು ಬರೀ ಒಂದು ನಂಬರ್ ಬರೆದ ಡಬ್ಬಿ. ಅದಕ್ಕೆ ಮೊದಲು ಎರಡರಿಂದ ಏಳು ದಿನ ವೀರ್ಯ ಹೊರಹೋಗದ ಹಾಗೆ ಅಂತರ ಇರಲಿ.

ವಿಶ್ವ ಆರೋಗ್ಯ ಸಂಸ್ಥೆಯ 2021ರ ಕೈಪಿಡಿಯಲ್ಲಿ ಕೆಳಗಿನ ಗೆರೆ ಮಿಲಿಗೆ 1 ಕೋಟಿ 60 ಲಕ್ಷ, ಚಲನೆ 42%. ಅದು ಪಾಸು-ಫೇಲಿನ ಗೆರೆ ಅಲ್ಲ. ಒಂದು ವರ್ಷದೊಳಗೆ ಮಗುವಾದ ಅಪ್ಪಂದಿರಲ್ಲೂ ನೂರಕ್ಕೆ ಐದು ಮಂದಿ ಅದರ ಕೆಳಗೇ ಇದ್ದರು. ಮೇ ತಿಂಗಳಲ್ಲಿ ಒಂದು, ಆಗಸ್ಟ್‌ನಲ್ಲಿ ಇನ್ನೊಂದು ಮಾಡಿಸಿ.

ಅಡಿಕೆ ಸುಲಿಯೋನು

ಗುರು, ನಾನು ನಿನ್ನ ಸೀನಿಯರ್. 24ನೇ ವಯಸ್ಸಲ್ಲಿ ಬಂತು, ಎಡಗಡೆ. ಕೆನ್ನೆ ಊದಿದರೆ ಚರ್ಮ ಹಿಗ್ಗುತ್ತದೆ. ಬೀಜದ ಸುತ್ತ ಇರುವ ಪೊರೆ ಹಿಗ್ಗಲ್ಲ, ಅದಕ್ಕೇ ಒಳಗೇ ಒತ್ತಡವಾಗಿ ಆ ಪರಿ ನೋವು ಅಂತ ಡಾಕ್ಟ್ರು ಹೇಳಿದ್ದರು. ಒಂದು ವರ್ಷದಲ್ಲಿ ಎಡಗಡೆಯದು ಕಡಲೆಕಾಯಿ ಗಾತ್ರಕ್ಕೆ ಬಂತು. ನಿನಗೂ ಸ್ವಲ್ಪ ಕುಗ್ಗಬಹುದು, ಹೆದರಬೇಡ. ಬಲಗಡೆಯದು ಒಂದೇ ಎತ್ತು ಗಾಡಿ ಎಳೆದ ಹಾಗೆ ಎಳೆಯಿತು. ಮಗಳು ಈಗ ಮೂರನೇ ಕ್ಲಾಸು. ಎರಡೂ ಕಡೆ ಊದಿದವರಿಗೆ ತೊಂದರೆ ಜಾಸ್ತಿ ಅಂತೆ, ಅವರಲ್ಲೂ ಪೂರ್ತಿ ಬಂಜೆತನ ಅಪರೂಪ.

ಹೆಂಡತಿಗೆ ಹೇಳು ಮಾರಾಯ. ತಪ್ಪು ಯಾರದೂ ಅಲ್ಲ, ಸ್ಕ್ಯಾನ್ ಮಾತ್ರ ಅವಳಿಗೆ, ಇದೆಂಥ ನ್ಯಾಯ?

ಲಸಿಕೆ ಟೀಚರ್

ಚಿಕ್ಕ ಮಕ್ಕಳಿರುವವರು ಒಂದು ವಿಷಯ ನೋಡಿಕೊಳ್ಳಿ. ಸರ್ಕಾರದ ಪಟ್ಟಿಯಲ್ಲಿ ಕೊಡುವುದು ಎಂಆರ್, ಅಂದರೆ ದಡಾರ ಮತ್ತು ರುಬೆಲ್ಲಾಗೆ. ಮಂಗನಬಾವಿಗೂ ಸೇರಿದ್ದು ಎಂಎಂಆರ್, ಅದನ್ನು ಮಕ್ಕಳ ಡಾಕ್ಟ್ರ ಹತ್ತಿರ ಕೇಳಿ ಹಾಕಿಸಬೇಕು. ಕಾರ್ಡ್ ತೆಗೆದು ಅಕ್ಷರಗಳನ್ನು ಸರಿಯಾಗಿ ಓದಿ. ಎಷ್ಟೋ ಜನ ಎಂಆರ್ ನೋಡಿ ಎಂಎಂಆರ್ ಆಗಿದೆ ಅಂದುಕೊಂಡಿರುತ್ತಾರೆ. ಮತ್ತೆ, ಒಬ್ಬ ಹುಡುಗನಿಗೆ ಬೀಜ ಇದ್ದಕ್ಕಿದ್ದಂತೆ ನೋಯಲು ಶುರುವಾದರೆ ಮಂಗನಬಾವೇ ಇರಬೇಕು ಅಂತ ಕಾಯಬೇಡಿ. ತಿರುಚಿಕೊಂಡಿದ್ದರೆ ಆರು ಗಂಟೆಯೊಳಗೆ ಬಿಡಿಸಬೇಕು. ನಿಮ್ಮ ಡಾಕ್ಟ್ರು ಸ್ಕ್ಯಾನ್ ಮಾಡಿಸಿದ್ದು ಒಳ್ಳೆಯದೇ.

ಶೃಂಗೇರಿ ಬಸ್ಸು (ಮೇ 20)

ಕೇಳಿದವರಿಗೆಲ್ಲ ಉತ್ತರ ಇಲ್ಲೇ. ಈ ಸಲ ಲ್ಯಾಬಿನಲ್ಲೇ ಕೊಟ್ಟೆ. ಕೌಂಟ್ ಮಿಲಿಗೆ 1 ಕೋಟಿ 40 ಲಕ್ಷ, ಚಲನೆ 39%. ಗೆರೆಗೆ ಇನ್ನೂ ಸ್ವಲ್ಪ ಕೆಳಗೆ. ಆಗಸ್ಟ್‌ವರೆಗೆ ನೋಡೋಣ, ಪ್ರಯತ್ನ ಬಿಡಬೇಡಿ ಅಂದರು ಡಾಕ್ಟ್ರು. ಬಲಗಡೆಯದು ಸ್ವಲ್ಪ ಮೆತ್ತಗಾಗಿದೆ. ಇಂಜೆಕ್ಷನ್ ತಗೊಳ್ಳಲಿಲ್ಲ.

ಹೆಂಡತಿಗೆ ರಿಪೋರ್ಟು ಎರಡನ್ನೂ ತೋರಿಸಿದೆ. ಓದಿ ಮುಗಿಸಿ, "ಅದಕ್ಕಾ ಫೆಬ್ರವರಿಯಲ್ಲಿ ಬೈಕ್ ಬಿಟ್ಟು ಬಸ್ಸಿಗೆ ಹೋಗುತ್ತಿದ್ದಿದ್ದು?" ಅಂದಳು. ಅಮ್ಮ ಮೂರನೇ ಸ್ಕ್ಯಾನಿಗೆ ದಿನ ಗೊತ್ತು ಮಾಡಿದ್ದರು. ಫೋನ್ ಮಾಡಿ ಬೇಡ ಅಂದವಳು ಅವಳೇ, ಕಾರಣ ಹೇಳಲಿಲ್ಲ.