ಸಮಸ್ಯೆ: ಮುಳುಗಿದವನಿಗೆ ಚಳಿಯದೇನೈ ಮಳೆಯದೇನಯ್ಯ
(ಆರು ಸಾಲಿನ ಭಾಮಿನಿ ಷಟ್ಪದಿಗೆ ಇದು ಕೊನೆಯ ಸಾಲು. ಮೇಲಿನ ಐದು ಸಾಲು ಕಟ್ಟಿ ತುಂಬುವುದೇ ಪೂರಣ.)

ಕೊಪ್ಪದಿಂದ:
ನಾಟಿ ಗದ್ದೆಯಿಂದಲೇ ಬಂದ ಪೂರಣ.

ಇಳಿದೆವಾರಿದ್ರೆಯಲಿ ಗದ್ದೆಗೆ
ಎಳೆಯ ಸಸಿಗಳ ಕಟ್ಟು ಕೈಯಲಿ
ಸುಳಿವ ಗಾಳಿಗೆ ಗೊರಬು ಹಾರಲಿ ಬೆನ್ನು ತೊಯ್ದಿರಲಿ
ಗಳಿಗೆ ಕಾದರೆ ಬಲಿಯುವುದು ಸಸಿ
ಬೆಳೆಯು ಕುಗ್ಗಿದರೊಲೆಯು ಹೊತ್ತದು
ಮುಳುಗಿದವನಿಗೆ ಚಳಿಯದೇನೈ ಮಳೆಯದೇನಯ್ಯ

ಗದಗದಿಂದ:
ಗೊರಬಿನ ಸಾಲು ಚೆನ್ನಾಗಿದೆ. ಆದರೆ ಗಾದೆಯ ಅರ್ಥವೇ ತಪ್ಪಿದೆ. ಇದು ಧೈರ್ಯದ ಮಾತಲ್ಲ, ಎಲ್ಲ ಕಳೆದುಕೊಂಡವನ ಮಾತು. ನನ್ನದು ನೋಡಿ:

ಕಳೆದ ವರುಷದ ಸಾಲ ತೀರದು
ಮಳೆಯ ನಂಬಿದ ಬೀಜ ಮೊಳೆಯದು
ಬಳೆಯನೊತ್ತೆಯಲಿಟ್ಟು ಬಿತ್ತನೆ ಮತ್ತೆ ಸೋತಾಯ್ತು
ಅಳುವುದೇತಕೆ ಕಂತು ಬಂದರೆ
ಉಳಿದುದಿನ್ನೇನುಂಟು ಕಳೆಯಲು
ಮುಳುಗಿದವನಿಗೆ ಚಳಿಯದೇನೈ ಮಳೆಯದೇನಯ್ಯ

ಮೈಸೂರಿನಿಂದ:
ಎರಡೂ ಸರಿ. ಆದರೆ ಕೊಪ್ಪದವರೇ, ‘ಆರಿದ್ರೆ’ ಎಲ್ಲಿಯ ಮಾತು? ನಕ್ಷತ್ರದ ಹೆಸರು ಆರ್ದ್ರೆ.

ಕೊಪ್ಪದಿಂದ:
ಪಂಚಾಂಗದಲ್ಲಿ ಆರ್ದ್ರೆ, ಗದ್ದೆಯಲ್ಲಿ ಆರಿದ್ರೆ. ‘ಆರಿದ್ರೆ ಮಳೆ ಆರದೆ ಹೊಯ್ಯುತ್ತೆ’ ಅನ್ನುವ ಯಾವ ರೈತನೂ ಆರ್ದ್ರೆ ಅನ್ನಲ್ಲ.

ಮೈಸೂರಿನಿಂದ:
ಹಾಗಾದರೆ ‘ರಿ’ ಲಘು, ಒಂದೇ ಮಾತ್ರೆ. ಆಡುಮಾತು ಅಂದಮೇಲೆ ತೇಲಿಸಿ ಹೇಳುತ್ತಾರೆ, ಶಿಥಿಲದ್ವಿತ್ವ: ಒತ್ತಕ್ಷರ ತೇಲಿದರೆ ಅದರ ಹಿಂದಿನ ಅಕ್ಷರ ಎರಡು ಮಾತ್ರೆಯ ಗುರು ಆಗುವುದಿಲ್ಲ. ಒಂದು ಮಾತ್ರೆ ಕಡಿಮೆ ಬಿತ್ತು.

ಕೊಪ್ಪದಿಂದ:
ಶಿಥಿಲದ್ವಿತ್ವ ಹಳಗನ್ನಡದ ‘ಅಮರ್ದು’ ಥರದ ಮಾತಿಗೆ. ‘ದ್ರೆ’ ಅಂತ ಹೇಳಿ ನೋಡಿ, ನಾಲಿಗೆ ತಾನಾಗಿ ಒತ್ತುತ್ತೆ. ಹೋದ ಸಲ ನಿಮ್ಮ ಕಂದಪದ್ಯದಲ್ಲಿ ‘ನಿದ್ರೆ’ಯ ‘ನಿ’ ಗುರು ಅಂತ ಹಟ ಹಿಡಿದವರು ನೀವೇ ಅಲ್ವಾ? ಆಗ ಗುರು, ಈಗ ಲಘುವಾ?

ಮೈಸೂರಿನಿಂದ:
ಅದು ಬೇರೆ ಸಂದರ್ಭ. ಇರಲಿ. ಗೊರಬು ಅಂದರೆ ಕೊಡೆಯಾ?

ಕೊಪ್ಪದಿಂದ:
ಅಲ್ಲ. ಬಿದಿರ ದಬ್ಬೆ ಹೆಣೆದು ಎಲೆ ಹಾಸಿದ್ದು. ತಲೆಯಿಂದ ಸೊಂಟದವರೆಗೆ ಇಳಿಯುತ್ತೆ. ಬಾಗಿ ನೆಡುವಾಗ ಎರಡೂ ಕೈ ಬಿಡುವಾಗಿರುತ್ತವೆ.

ಗದಗದವರೇ, ಕುಮಾರವ್ಯಾಸನ ಊರಿನವರ ಭಾಮಿನಿಗೆ ನಾನೇನು ಹೇಳಲಿ, ಬಳೆಯ ಸಾಲು ನಾಟಿತು. ಅರ್ಥ ಮಾತ್ರ ಒಪ್ಪಲ್ಲ. ‘ನೀರಿಗಿಳಿದವನಿಗೆ ಚಳಿಯೇನು’ ಅಂತಲೂ ಗಾದೆ ಇದೆ. ಇಳಿಯುವವನು ಬೇಕಂತಲೇ ಇಳಿಯುತ್ತಾನೆ. ಪಕ್ಕದ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಜಾಸ್ತಿ ಮಳೆ. ನಿಲ್ಲಲಿ ಅಂತ ಕೂತರೆ ನಾಟಿಯೇ ಆಗಲ್ಲ. ಮೊಣಕಾಲು ಕೆಸರಲ್ಲಿ ನಿಂತವರು ಈ ಮಾತು ಆಡುವಾಗ ಸೋಲಿನ ದನಿ ಇರಲ್ಲ.

ಗದಗದಿಂದ:
‘ಇಳಿದವನು’ ಬೇರೆ, ‘ಮುಳುಗಿದವನು’ ಬೇರೆ. ಸಮಸ್ಯೆಯಲ್ಲಿ ಇರುವುದು ಮುಳುಗಿದವನು. ಇಳಿದವನು ಮೇಲೆ ಹತ್ತಬಹುದು. ನಿಮಗೆ ಮಳೆ ಸುರಿಯುವುದೇ ಕಷ್ಟ, ನಮಗೆ ಬಾರದಿರುವುದು. ಎರೆಹೊಲದವನು ಗೊರಬು ಹೊದೆಯುವುದಿಲ್ಲ, ಮೋಡ ನೋಡುತ್ತಾನೆ. ಅವನ ಬಾಯಲ್ಲಿ ಈ ಗಾದೆಗೆ ನಿಮ್ಮ ಅರ್ಥ ಹೇಗೆ ಬರಬೇಕು? ನಾನು ಬಿಟ್ಟುಕೊಡಲ್ಲ. ಮುಂದಿನ ಸಮಸ್ಯೆ ನನ್ನದು, ವಾರ್ಧಕ ಷಟ್ಪದಿಯಲ್ಲಿ. ಮೈಸೂರಿನವರು ಮೊದಲು ಪೂರಣ ಹಾಕಲಿ, ಆಮೇಲೆ ಮಾತ್ರೆ ಎಣಿಸಲಿ.