ಬೈಪಾಸ್ ಜಮೀನು, ದೊಡ್ಡ ಮಳಿಗೆ: ಭಾನುವಾರದ ಪ್ರಶ್ನೋತ್ತರ

ಅಡ್ಮಿನ್: ಎಲ್ಲರಿಗೂ ನಮಸ್ಕಾರ. ತುಮಕೂರಿನ ಆಚೀಚೆ ಹೆದ್ದಾರಿ ಪಕ್ಕದ ಜಮೀನು ಕೇಳ್ಕೊಂಡು ದೊಡ್ಡ ಮಳಿಗೆಗಳ ಕಡೆಯ ಬ್ರೋಕರ್‌ಗಳು ಓಡಾಡ್ತಿದ್ದಾರೆ, ಗ್ರೂಪಲ್ಲಿ ದಿನಾ ಅದೇ ಮಾತು. ಭೂದಾಖಲೆ ಕೇಸು ನೋಡುವ ನಮ್ಮ ವಕೀಲೆ ಮೇಡಂ ಸಂಜೆ ಆರರವರೆಗೆ ಉತ್ತರ ಕೊಡ್ತಾರೆ. ಒಬ್ಬರಿಗೆ ಒಂದೇ ಪ್ರಶ್ನೆ. ಗುಡ್ ಮಾರ್ನಿಂಗ್ ಫೋಟೊ ಬೇಡ.

ಸೈಟ್ ನಂ. 42: ಮೇಡಂ, 79ಎ, 79ಬಿ ತೆಗೆದ ಮೇಲೆ ಕನ್ವರ್ಷನ್ನೇ ಬೇಕಾಗಿಲ್ಲ ಅಂತ ಫಾರ್ವರ್ಡ್ ಬಂದಿದೆ. ನಿಜವಾ?

ವಕೀಲೆ: ಸುಳ್ಳು. 2020ರಲ್ಲಿ ಭೂಸುಧಾರಣಾ ಕಾಯ್ದೆಯಿಂದ ಆ ಕಲಮುಗಳನ್ನು ತೆಗೆದರು. ಅವು ಇದ್ದದ್ದು ಕೃಷಿ ಜಮೀನನ್ನು ಯಾರು ಕೊಳ್ಳಬಹುದು ಅನ್ನೋದಕ್ಕೆ. ಕೊಂಡ ಮೇಲೆ ಅಲ್ಲಿ ರಾಗಿ ಬೆಳೀತೀರೋ ಅಂಗಡಿ ಕಟ್ತೀರೋ ಅನ್ನೋದು, ಅಂದ್ರೆ ಕನ್ವರ್ಷನ್, ಭೂಕಂದಾಯ ಕಾಯ್ದೆಯ 95ನೇ ಕಲಂ. ಅದು ಎಲ್ಲಿಗೂ ಹೋಗಿಲ್ಲ.

ಹುಣಸೆ ತೋಪು: ಹೆದ್ದಾರಿಗೆ ಎಷ್ಟು ಜಾಗ ಬಿಡಬೇಕು ಮೇಡಂ? ಬ್ರೋಕರ್ 'ಬೇಲಿವರೆಗೂ ಕಟ್ಟಬಹುದು' ಅಂತಾನೆ.

ವಕೀಲೆ: ಬೇಲಿ ಹಿಡಿದು ಅಳೆಯಬೇಡಿ. ರಾಷ್ಟ್ರೀಯ ಹೆದ್ದಾರಿಯ ನಡುಗೆರೆಯಿಂದ 40 ಮೀಟರ್ ಒಳಗೆ ಕಟ್ಟಡ ಬರಬಾರದು. 40ರಿಂದ 75ರವರೆಗೆ ಹೆದ್ದಾರಿಯವರ ಒಪ್ಪಿಗೆ ಬೇಕು. ರಸ್ತೆ ಜಾಗ 60 ಮೀಟರ್ ಅಗಲ ಇದ್ದರೆ ನಿಮ್ಮ ಬೇಲಿಯಿಂದ ಒಳಗೆ 33 ಅಡಿ ಖಾಲಿ ಬಿಡಬೇಕಾಗುತ್ತೆ. ಮುಂಭಾಗ 200 ಅಡಿ ಇದ್ದರೆ ಹೆಚ್ಚುಕಮ್ಮಿ 6 ಗುಂಟೆ ಅಲ್ಲೇ ಹೋಯ್ತು. ಹೆದ್ದಾರಿಯಿಂದ ಒಳಗೆ ಗಾಡಿ ತಿರುಗಿಸೋಕೂ ಬೇರೆ ಅನುಮತಿ.

ಕೊಬ್ಬರಿ ತೋಟ: ಮೇಡಂ, ಶಿರಾ ಕಡೆ ಹೆದ್ದಾರಿಗೆ ಅಂಟಿಕೊಂಡು ನಮ್ಮದು 3 ಎಕರೆ 20 ಗುಂಟೆ ಇದೆ. 1991ರಲ್ಲಿ ಅಪ್ಪ ಕ್ರಯಕ್ಕೆ ತಗೊಂಡಿದ್ದು, ಪಹಣಿ ಅವರ ಹೆಸರಲ್ಲೇ. ಒಂದು ದೊಡ್ಡ ಮಳಿಗೆಯವರು 27 ವರ್ಷಕ್ಕೆ ಲೀಸ್ ಕೇಳ್ತಿದ್ದಾರೆ, ಕಟ್ಟಡ ಅವರೇ ಕಟ್ಕೋತಾರಂತೆ. ಬ್ರೋಕರ್ ಐದು ಲಕ್ಷ ಅಡ್ವಾನ್ಸ್ ಹಿಡ್ಕೊಂಡು ಮನೆಗೇ ಬಂದಿದ್ದ, ಜಿಪಿಎಗೆ, ಅಂದ್ರೆ ಅಪ್ಪನ ಪರವಾಗಿ ಅವನೇ ವ್ಯವಹಾರ ಮಾಡುವ ಅಧಿಕಾರಪತ್ರಕ್ಕೆ, ಅಪ್ಪನ ಸಹಿ ಬೇಕಂತೆ. ಬಾಡಿಗೆ ಮೊತ್ತ ಕೇಳಿ ಅಮ್ಮ ಎರಡು ರಾತ್ರಿ ಮಲಗಿಲ್ಲ. ಕ್ರಯಪತ್ರ, ಪಹಣಿ, 22 ಪುಟದ ಲೀಸ್ ಡ್ರಾಫ್ಟ್, ಎಲ್ಲದರ ಫೋಟೊ ಹಾಕಿದ್ದೀನಿ.

ವಕೀಲೆ: ಸಹಿ ಆಯ್ತಾ?

ಕೊಬ್ಬರಿ ತೋಟ: ಇಲ್ಲ. ನಾಳೆ ಬರ್ತಾನೆ.

ವಕೀಲೆ: ಓದೋಕೆ ಸ್ವಲ್ಪ ಟೈಮ್ ಕೊಡಿ.

ಸಿದ್ಧಗಂಗೆ ಬಸ್‌ಸ್ಟಾಪ್: 11 ತಿಂಗಳ ನೋಟರಿ ಅಗ್ರಿಮೆಂಟ್ ರಿನ್ಯೂ ಮಾಡ್ತಾ ಹೋದ್ರೆ ಎಷ್ಟು ವರ್ಷಕ್ಕಾದ್ರೂ ರಿಜಿಸ್ಟ್ರೇಷನ್ ಬೇಡವಂತೆ. ಇಲ್ಲಿದೆ ನೋಡಿ, ಎಲ್ಲರಿಗೂ ಶೇರ್ ಮಾಡಿ.

ವಕೀಲೆ: ಶೇರ್ ಮಾಡಬೇಡಿ. ಕೋಟಿ ಖರ್ಚು ಮಾಡಿ ಕಟ್ಟಡ ಎಬ್ಬಿಸುವವನು 11 ತಿಂಗಳ ಕಾಗದ ನಂಬಿಕೊಂಡು ಬರ್ತಾನಾ? ವರ್ಷ ದಾಟುವ ಲೀಸ್ ನೋಂದಣಿ ಆಗಲೇಬೇಕು.

ಕಿರಾಣಿ ಅಂಗಡಿ: ಎಲ್ಲರೂ ಜಾಗ ಕೊಡೋದನ್ನೇ ಕೇಳ್ತಿದ್ದೀರಲ್ಲ ಸ್ವಾಮಿ. ಪೇಟೆಯಲ್ಲಿ ನಾವೂ ಒಂದಿಷ್ಟು ಜನ ಇದ್ದೀವಿ. ತಿಂಗಳ ಕೊನೇಲಿ ಸಾಲದ ಪುಸ್ತಕಕ್ಕೆ ನಮ್ಮ ಹತ್ರ, ಸಂಬಳ ಆದ ಭಾನುವಾರ ಟ್ರಾಲಿ ತಳ್ಳೋಕೆ ಅಲ್ಲಿ.

ಬೆಂಗಳೂರು ಪಾಸ್: ಎಂಆರ್‌ಪಿಗಿಂತ ಒಂದು ರೂಪಾಯಿ ಕಮ್ಮಿ ಮಾಡಿ ನೋಡಿ, ನಿಮ್ಮಲ್ಲಿಗೇ ಬರ್ತೀವಿ.

ಕಿರಾಣಿ ಅಂಗಡಿ: ಕಂಪನಿ ಅವರಿಗೆ ಕೊಡೋ ರೇಟು ನನಗೂ ಕೊಡಿಸು, ಎರಡು ರೂಪಾಯಿ ಕಮ್ಮಿ ಮಾಡ್ತೀನಿ. 2003ರಲ್ಲಿ ಯಶವಂತಪುರದಲ್ಲಿ ಮೆಟ್ರೋ ಸಗಟು ಮಳಿಗೆ ತೆಗೆದಾಗ ಕಾರ್ಡ್ ಮಾಡಿಸಿ, ಬಸ್ಸಿನ ಟಾಪ್ ಮೇಲೆ ಸಾಮಾನು ಹಾಕ್ಕೊಂಡು ಬಂದವನು ನಾನು. ಈಗ ಅದೂ ರಿಲಯನ್ಸ್ ಕೈಗೆ ಹೋಯ್ತು.

ಬೆಂಗಳೂರು ಪಾಸ್: ನಿಮ್ಮಿಬ್ಬರನ್ನೂ ಮೊಬೈಲ್ ನುಂಗುತ್ತೆ ಬಿಡಿ. ಬೆಂಗಳೂರಲ್ಲಿ ಹತ್ತು ನಿಮಿಷಕ್ಕೆ ಬಾಗಿಲಿಗೇ ಮೊಸರು ಬರುತ್ತೆ. ಬೈಪಾಸ್‌ವರೆಗೆ ಯಾರು ಹೋಗ್ತಾರೆ?

ಕಿರಾಣಿ ಅಂಗಡಿ: ಹಂಗಾದ್ರೆ ಅಲ್ಲೇ ಇರಪ್ಪ. ರಾತ್ರಿ ಹತ್ತೂವರೆಗೆ ನಮ್ಮ ಶಟರ್ ತಟ್ಟಬೇಡ.

ಅಡ್ಮಿನ್: ವಿಷಯಕ್ಕೆ ಬನ್ನಿ.

ವಕೀಲೆ: @ಕೊಬ್ಬರಿ ತೋಟ, ಪೂರ್ತಿ ಓದಿದೆ. ಹಳೇದು ಮೊದಲು. ಕ್ರಯಪತ್ರದ ಎರಡನೇ ಪುಟದಲ್ಲಿ 'ನಮ್ಮ ತಂದೆಯವರಿಗೆ ಸರ್ಕಾರದಿಂದ ಮಂಜೂರಾಗಿ' ಅಂತ ಅರ್ಧ ಸಾಲಿದೆ. ಬ್ರೋಕರ್ ಅದನ್ನು ನೋಡಿಲ್ಲ, ಇಲ್ಲವೇ ನೋಡಿಯೂ ಸುಮ್ಮನಿದ್ದಾನೆ. ಮಂಜೂರಾದದ್ದು ಪರಿಶಿಷ್ಟ ಜಾತಿ, ಪಂಗಡದವರಿಗಾದರೆ ಅಂಥ ಜಮೀನಿನ ಪರಭಾರೆ ತಡೆಯುವ 1978ರ ಪಿಟಿಸಿಎಲ್ ಕಾಯ್ದೆ ಬರುತ್ತೆ. ಸರ್ಕಾರದ ಅನುಮತಿ ಇಲ್ಲದೆ 1991ರಲ್ಲಿ ಮಾರಿದ್ದರೆ ಆ ಕ್ರಯ ನಿಲ್ಲಲ್ಲ. ಮಂಜೂರಿದಾರರ ವಾರಸುದಾರರು ಅರ್ಜಿ ಹಾಕಿದರೆ ಎಸಿ (ಉಪವಿಭಾಗಾಧಿಕಾರಿ) ಜಮೀನು ಅವರಿಗೆ ವಾಪಸ್ ಕೊಡಿಸಬಹುದು. 'ಇಷ್ಟು ವರ್ಷ ಏನು ಮಾಡ್ತಿದ್ರಿ' ಅಂತ ಕೋರ್ಟುಗಳು ಅಂಥ ಅರ್ಜಿ ತಳ್ಳಿಹಾಕಿದ್ದುಂಟು. ಆಮೇಲೆ 2023ರ ತಿದ್ದುಪಡಿ ಬಂತು, ಕಾಲಮಿತಿ ಇಲ್ಲ ಅಂತ ಬರೆದರು. 'ಮಾರ್ತಿಲ್ಲವಲ್ಲ, ಲೀಸ್ ತಾನೆ' ಅನ್ನಬೇಡಿ, ಆ ಕಾಯ್ದೆಯಲ್ಲಿ ಲೀಸೂ ಪರಭಾರೆಯೇ. ತೆಂಗು ಇದ್ದಷ್ಟು ದಿನ ಸುಮ್ಮನಿದ್ದವರು ಗಾಜಿನ ಕಟ್ಟಡ ಎದ್ದ ದಿನ ಬರ್ತಾರೆ. ಬಂದರೆ ತಪ್ಪೂ ಅಲ್ಲ. ಸಾಗುವಳಿ ಚೀಟಿ, ಅಂದ್ರೆ ಜಮೀನು ಮಂಜೂರಾದಾಗ ಕೊಟ್ಟ ಪತ್ರ, ಹುಡುಕಿ. ಸಿಗದಿದ್ದರೆ ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿ ಮಂಜೂರಾತಿ ಕಡತದ ನಕಲಿಗೆ ಅರ್ಜಿ ಕೊಡಿ. ಮಂಜೂರಿದಾರರ ಹೆಸರಿನ ಅಕ್ಕಪಕ್ಕ ಏನು ಬರೆದಿದೆ ಅಂತ ನನಗೆ ತಿಳಿಸಿ.

ಪಹಣಿಯಲ್ಲಿ 14 ಗುಂಟೆ ಬಿ ಖರಾಬು ಇದೆ. ಅದು ಹಳ್ಳ, ಸರ್ಕಾರದ್ದು. ಡ್ರಾಫ್ಟಿನ ಅಳತೆಯಲ್ಲಿ ಅದನ್ನೂ ಸೇರಿಸಿದ್ದಾರೆ. ಅಲ್ಲಿ ಮಣ್ಣು ಸುರಿದರೆ ನೋಟಿಸ್ ಬರೋದು ನಿಮ್ಮಪ್ಪನ ಹೆಸರಿಗೆ.

ಇನ್ನು ಡ್ರಾಫ್ಟಿನ 14ನೇ ಪುಟ. ನೀವು 27 ವರ್ಷ ಬಿಡಿಸ್ಕೊಳ್ಳೋ ಹಾಗಿಲ್ಲ. ಅವರು ಮೂರು ವರ್ಷ ಕಳೆದ ಮೇಲೆ ಆರು ತಿಂಗಳ ನೋಟಿಸ್ ಕೊಟ್ಟು ಎದ್ದು ಹೋಗಬಹುದು. ನಿಮ್ಮಮ್ಮ ನಿದ್ದೆಗೆಟ್ಟು ಲೆಕ್ಕ ಹಾಕಿದ್ದು 27 ವರ್ಷದ ಬಾಡಿಗೆ. ಕಾಗದದಲ್ಲಿ ಗ್ಯಾರಂಟಿ ಇರೋದು ಮೂರೂವರೆ ವರ್ಷದ್ದು. ಅವರು ಹೋದ ಮೇಲೆ ತೆಂಗಿಲ್ಲ, ನೆಲಕ್ಕೆಲ್ಲ ಕಾಂಕ್ರೀಟು, ಜಮೀನು ವಾಣಿಜ್ಯಕ್ಕೆ ಪರಿವರ್ತನೆ ಆಗಿದೆ, ತೆರಿಗೆ ನಿಮ್ಮ ತಲೆ ಮೇಲೆ. ಊರಾಚೆ ಅಷ್ಟು ದೊಡ್ಡ ತಗಡಿನ ಕಟ್ಟಡ ಯಾರಿಗೆ ಬೇಕು? ಗೋದಾಮಿನವರು ಬಂದರೆ ಪುಣ್ಯ. 2022ರಲ್ಲಿ ಬಿಗ್ ಬಜಾರ್ ಬೋರ್ಡುಗಳು ಇಳಿದವಲ್ಲ, ಬಾಡಿಗೆ ಬಾಕಿ ಬಿದ್ದ ಎಷ್ಟೋ ಮಳಿಗೆಗಳ ಲೀಸ್ ರಿಲಯನ್ಸ್ ತಗೊಂಡಿತು. ಅವುಗಳಲ್ಲಿ ಬಹಳಷ್ಟು ಊರೊಳಗಿನ ಕಟ್ಟಡ, ಇನ್ನೊಬ್ಬ ಗಿರಾಕಿ ಸಿಕ್ಕ. ಮೇಲೆ ಆ ಹುಡುಗ ಮೊಸರಿನ ವಿಷಯ ಹೇಳಿದ್ದು ಜಗಳಕ್ಕೇ ಇರಬಹುದು, ಆದರೆ ಮಳಿಗೆಯವರೂ ಅದನ್ನೇ ಯೋಚಿಸಿ ಈ ಕಲಂ ಬರೆಸಿರೋದು. ಡಿಮಾರ್ಟ್‌ನವರು ಹೆಚ್ಚಾಗಿ ಸ್ವಂತ ಜಾಗದಲ್ಲೇ ಅಂಗಡಿ ಕಟ್ತಾರೆ. ಹಾಗೆ ದುಡ್ಡು ಹಾಕಿ ಕೊಂಡವನು ಅಷ್ಟು ಸುಲಭಕ್ಕೆ ಎದ್ದು ಹೋಗಲ್ಲ. ಲೀಸ್ ಕೇಳುವವನು ಹೋಗುವ ದಾರಿ ಇಟ್ಕೊಂಡೇ ಬರ್ತಾನೆ. ಆ ದಾರಿಗೆ ಬೆಲೆ ಕಟ್ಟಿಸಿ. ಲಾಕ್-ಇನ್, ಅಂದ್ರೆ ಅವರು ಬಿಟ್ಟು ಹೋಗುವಂತಿಲ್ಲದ ಅವಧಿ, ಕನಿಷ್ಠ ಒಂಬತ್ತು ವರ್ಷ ಆಗಲಿ, ಕಟ್ಟಡ ಕೆಡವಿ ನೆಲ ಬಿಟ್ಟುಕೊಡುವ ಖರ್ಚಿಗೆ ಪ್ರತ್ಯೇಕ ಠೇವಣಿ ಬರೆಸಿ.

ಇದೆಲ್ಲ ಮೊದಲನೇದು ಬಗೆಹರಿದರೆ ಮಾತ್ರ. ಜಿಪಿಎ ಅಂತೂ ಬೇಡವೇ ಬೇಡ. ಸಹಿ ಹಾಕೋಕೆ ನಿಮ್ಮಪ್ಪ ಇದ್ದಾರಲ್ಲ, ಬ್ರೋಕರ್‌ಗೆ ಅಧಿಕಾರಪತ್ರ ಯಾಕೆ?

ಲಾರಿ ಮಾಲೀಕ: ಆ ಪಿಟಿಸಿಎಲ್ ಅನ್ನೋದೇ ಬ್ಲ್ಯಾಕ್‌ಮೇಲ್. ದುಡ್ಡು ಎಣಿಸ್ಕೊಂಡು ಮಾರಿ, ಮೂವತ್ತು ವರ್ಷ ಬಿಟ್ಟು ವಾಪಸ್ ಬೇಕಂತೆ.

ಮೇಷ್ಟ್ರು: ನಮ್ಮಜ್ಜನಿಗೆ ಮಂಜೂರಾದ ಎರಡು ಎಕರೆ 1,200 ರೂಪಾಯಿಗೆ ಹೋಯ್ತು. ಮದುವೆ ಸಾಲದ ಬಡ್ಡಿ ಮುರ್ಕೊಂಡು ಕೈಗೆ ಕೊಟ್ಟದ್ದು 300. ಕ್ರಯಪತ್ರದಲ್ಲಿ ಸಹಿ ಇಲ್ಲ, ಹೆಬ್ಬೆಟ್ಟಿದೆ. ಅವರಿಗೆ ಎಣಿಸೋಕೂ ಬರ್ತಿರಲಿಲ್ಲ.

ಲಾರಿ ಮಾಲೀಕ: ನಿಮ್ಮ ಬಗ್ಗೆ ಹೇಳಿದ್ದಲ್ಲ ಸರ್.

ಮೇಷ್ಟ್ರು: ಮತ್ಯಾರ ಬಗ್ಗೆ?

ಹೊಸಮನೆ ಅಕ್ಕ: ಮೇಡಂ, ಪಿತ್ರಾರ್ಜಿತ ಜಮೀನು ಲೀಸ್‌ಗೆ ಕೊಡೋಕೆ ಮದುವೆ ಆದ ಹೆಣ್ಣುಮಕ್ಕಳ ಸಹಿ ಬೇಕಾ? ಅಣ್ಣಂದಿರು ಬೇಡ ಅಂತಾರೆ.

ವಕೀಲೆ: ಬೇಕು. ಏನೂ ಓದದೆ ಸಹಿ ಹಾಕಬೇಡಿ ತಾಯಿ.

ವಾಕಿಂಗ್ ಗೆಳೆಯರು: ಮಳಿಗೆ ಬಂದ್ರೆ ಪಕ್ಕದ ಲೇಔಟಿನ ಸೈಟಿಗೆ ರೇಟು ಏರುತ್ತಾ? ಈಗಲೇ ತಗೋಬಹುದಾ?

ರಾಗಿ ಹೊಲ: ಅಫಿಡವಿಟ್ ಕೊಟ್ರೆ ಕನ್ವರ್ಷನ್ ಬೇಡವಂತೆ?

ವಕೀಲೆ: ಮೇಲೆ ಓದಿ.

ಪ್ರಗತಿಪರ ರೈತ: 79ಬಿ ಇಲ್ಲದ ಮೇಲೆ ಕನ್ವರ್ಷನ್ ಯಾಕೆ ಮೇಡಂ?

ವಕೀಲೆ: ಮೇಲೆ.

ಸಿದ್ಧಗಂಗೆ ಬಸ್‌ಸ್ಟಾಪ್: ಮೇಡಂ ಸ್ವಲ್ಪ ಸಮಾಧಾನವಾಗಿ ಹೇಳಬಹುದಲ್ಲ. ಇದು ಸೇವೆ ತಾನೆ.

ವಕೀಲೆ: ಬೆಳಗಿಂದ ಊಟ ಬಿಟ್ಟು 22 ಪುಟ ಓದಿದೆ ಸರ್. ನೀವು ನಾಲ್ಕು ಸಾಲು ಮೇಲೆ ಹೋಗಿ ಓದಿ, ಅದೂ ಸೇವೆಯೇ.

ಕೊಬ್ಬರಿ ತೋಟ: ಮೇಡಂ, ಅಪ್ಪನ ಟ್ರಂಕಲ್ಲಿ ಸಾಗುವಳಿ ಚೀಟಿ ಸಿಕ್ತು. ಮಡಿಕೆ ಹತ್ರ ಹರಿದಿದೆ, ಶಾಯಿ ಮಾಸಿದೆ. ಹೆಸರಿನ ಮುಂದೆ 'ಆ.ಕ.' ಅಂತಿದೆ. ಇನಿಷಿಯಲ್ಲಾ?

ಮೇಷ್ಟ್ರು: ಇನಿಷಿಯಲ್ ಅಲ್ಲ ತಮ್ಮಾ. ಆದಿ ಕರ್ನಾಟಕ. ಪರಿಶಿಷ್ಟ ಜಾತಿ.

ವಕೀಲೆ: ಬ್ರೋಕರ್ ಬಂದರೆ ಕಾಫಿ ಕೊಟ್ಟು ಕಳಿಸಿ. ದುಡ್ಡು ಮುಟ್ಟಬೇಡಿ. 1991ರಲ್ಲಿ ಅನುಮತಿ ಅಂತ ಏನಾದ್ರೂ ಕಾಗದ ಮಾಡಿಸಿದ್ರಾ ಅಂತ ಅಪ್ಪನ್ನ ಕೇಳಿ, ಆ ಟ್ರಂಕಲ್ಲಿರೋದೆಲ್ಲ ಹಾಗೇ ತಗೊಂಡು ಬೆಳಿಗ್ಗೆ ಆಫೀಸಿಗೆ ಬನ್ನಿ. ಅಪ್ಪನನ್ನೂ ಕರ್ಕೊಂಡು ಬನ್ನಿ.

ಸೈಟ್ ನಂ. 42: ಹಾಗಾದ್ರೆ ಕನ್ವರ್ಷನ್ ಬೇಕೋ ಬೇಡವೋ ಮೇಡಂ?